ಪಾಳಿ ಬದಲಾಗಲಿ, ಮನೆಪಾಠ ನಿಲ್ಲದಿರಲಿ



ಕಳೆದ ತಪಸ್ಸುಕಾಲದ ಒಂದು ರಾತ್ರಿಯಿಂದ ಈ ಮಾತು ಶುರು ಮಾಡುತ್ತೇವೆ. ನಮ್ಮ ಶಹಾಪುರದ ಕನ್ನಡ ಮನೆಗಳಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದ ಒಬ್ಬ ಆಯಿ ಹಾಸಿಗೆ ಹಿಡಿದಿದ್ದರು. ಗಡಹಿಂಗ್ಲಜ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಚಲಕರಂಜಿಗೆ ಬಂದವರು, ಐವತ್ತು ವರ್ಷ ಮಗ್ಗದ ಸದ್ದಿನಲ್ಲೇ ಬಾಳಿದವರು. ಫಾದರ್ ಬಂದು ರೋಗಿಗಳ ಅಭ್ಯಂಗನ ಸಂಸ್ಕಾರ ಕೊಟ್ಟು ಹೋಗಿದ್ದರು. ಇಲ್ಲಿ ಎಲ್ಲ ಪ್ರಾರ್ಥನೆಯೂ ನಡೆಯುವಂತೆ ಅದೂ ಮರಾಠಿಯಲ್ಲೇ ನಡೆದಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಆಯಿ ಕಣ್ಣು ತೆರೆದು, "ಜಪಸರ ಹೇಳ್ರಪಾ, ನಮ್ಮ ಮಾತಿನ್ಯಾಗ ಹೇಳ್ರಿ" ಎಂದರು.

ಮೊಮ್ಮಕ್ಕಳು, ನೆರೆಮನೆಯ ಹುಡುಗ ಹುಡುಗಿಯರು ಎಲ್ಲ ಸೇರಿ ಆರೇಳು ಮಂದಿ ಸುತ್ತ ನಿಂತಿದ್ದೆವು. ಎಲ್ಲರೂ ಧರ್ಮೋಪದೇಶದ ತರಗತಿ ಮುಗಿಸಿದವರು, ದೃಢೀಕರಣ ಪಡೆದವರು. ಮರಾಠಿಯಲ್ಲಿ ಕೇಳಿದ್ದರೆ ಹೇಳುತ್ತಿದ್ದೆವು, ಇಂಗ್ಲಿಷಿನಲ್ಲಿ ಕೇಳಿದ್ದರೂ ಹೇಳುತ್ತಿದ್ದೆವು. ಕನ್ನಡದಲ್ಲಿ ಮಾತ್ರ ಮೊದಲ ಸಾಲು ದಾಟಲು ಯಾರಿಗೂ ಆಗಲಿಲ್ಲ. ಒಬ್ಬಳು ಮೊಬೈಲಿನಲ್ಲಿ ಹುಡುಕಿದಳು. ಸಿಕ್ಕಿತು, ಆದರೆ ಕನ್ನಡ ಲಿಪಿ ಓದಲು ಬರಲಿಲ್ಲ. ಕೊನೆಗೆ ಯೂಟ್ಯೂಬಿನಲ್ಲಿ ಯಾರೋ ಹೇಳಿದ ಜಪಸರ ಹಚ್ಚಿ ಆಯಿಯ ತಲೆದಿಂಬಿನ ಹತ್ತಿರ ಇಟ್ಟೆವು. ನಡುವೆ ಒಂದು ಜಾಹೀರಾತು ಬಂತು.

ಆಯಿ ಏನೂ ಅನ್ನಲಿಲ್ಲ. ಎರಡು ದಿನದ ಮೇಲೆ ತೀರಿಕೊಂಡರು. ಆ ರಾತ್ರಿಯ ಲೆಕ್ಕ ಮಾತ್ರ ನಮ್ಮಲ್ಲಿ ಬಾಕಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇವೆ. ಕೆಲವರಿಗೆ ಖಾರವಾಗಬಹುದು. ಮೊದಲು ನಮಗೇ ಖಾರವಾಗಿದೆ.

ತಪ್ಪು ಯಾರದು?

ಮಣ್ಣು ಮುಗಿಸಿ ಬಂದ ಸಂಜೆಯೇ ಚರ್ಚೆ ಶುರುವಾಯಿತು. ಒಬ್ಬ ಕಾಕಾ ಅಂದರು, "ಧರ್ಮೋಪದೇಶದಾಗ ಏನ್ ಕಲಸ್ತಾರೋ ಏನೋ." ಒಬ್ಬ ಅಕ್ಕ ಅಂದಳು, "ಸಾಲ್ಯಾಗ ಸಿಸ್ಟರ್ ಕಲಸಬೇಕಿತ್ತು." ಇನ್ನೊಬ್ಬರು ಊರಿನ ಮೇಲೆ ಹಾಕಿದರು: "ಮಹಾರಾಷ್ಟ್ರದಾಗ ಅದೇವಿ, ಕನ್ನಡ ಎಲ್ಲಿಂದ ಬರಬೇಕು?" ಬೆರಳು ಎಲ್ಲ ಕಡೆ ತಿರುಗಿತು, ತಮ್ಮ ಮನೆಯ ಬಾಗಿಲಿನ ಕಡೆ ಮಾತ್ರ ತಿರುಗಲಿಲ್ಲ.

ನಾವು ನೇರವಾಗಿಯೇ ಹೇಳುತ್ತೇವೆ. ತಪ್ಪು ಮನೆಯದು. ವಿಶ್ವಾಸವನ್ನು ಕಲಿಸುವ ಕೆಲಸವನ್ನು ನಮ್ಮ ಮನೆಗಳು ಗುತ್ತಿಗೆಗೆ ಕೊಟ್ಟಿವೆ. ಭಾನುವಾರದ ತರಗತಿಗೆ ಸ್ವಲ್ಪ, ಕಾನ್ವೆಂಟಿಗೆ ಸ್ವಲ್ಪ, ಈಗ ಮೊಬೈಲಿಗೆ ಬಹಳ. ಗುತ್ತಿಗೆ ಕೊಟ್ಟ ಮೇಲೆ ಮಾಲು ಸರಿ ಬರಲಿಲ್ಲ ಎಂದು ಬೈಯುತ್ತ ಕೂತಿದ್ದೇವೆ.

ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ತಾಸು. ಧರ್ಮೋಪದೇಶದ ತರಗತಿ ಒಂದು ತಾಸು. ರಜೆ, ಪರೀಕ್ಷೆ, ಜಾತ್ರೆ, ಮದುವೆ ಕಳೆದು ವರ್ಷಕ್ಕೆ 40 ಭಾನುವಾರ ಸಿಕ್ಕವು ಎಂದರೂ 40 ತಾಸು, ಅಂದರೆ ಎರಡು ದಿನವೂ ತುಂಬುವುದಿಲ್ಲ. ಇಷ್ಟರಲ್ಲಿ ಒಂದು ಮಗುವನ್ನು ಕ್ರೈಸ್ತನನ್ನಾಗಿ ಮಾಡಿಕೊಡಿ ಎಂದು ಧರ್ಮೋಪದೇಶಕರನ್ನು ಕೇಳುವುದು ನ್ಯಾಯವೇ?

ಧರ್ಮಸಭೆಯೂ ಹಾಗೆ ಕೇಳಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ 'ಲೂಮೆನ್ ಜೆನ್ಸಿಯುಮ್' ದಾಖಲೆಯಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಮಕ್ಕಳಿಗೆ ಮಾತಿನಿಂದಲೂ ನಡತೆಯಿಂದಲೂ ವಿಶ್ವಾಸವನ್ನು ಮೊದಲು ಸಾರಬೇಕಾದವರು ಹೆತ್ತವರು ಎಂದಿತು. ಮರುವರ್ಷ, 1965ರಲ್ಲಿ, ಶಿಕ್ಷಣದ ಬಗ್ಗೆಯೇ ಹೊರಟ ಘೋಷಣೆ ಇನ್ನೂ ಖಚಿತವಾಗಿ ಹೇಳಿತು: ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ಹೆತ್ತವರೇ, ಅವರು ಬಿಟ್ಟ ಜಾಗವನ್ನು ಬೇರೆ ಯಾರೂ ತುಂಬುವುದು ಬಹಳ ಕಷ್ಟ. ದೀಕ್ಷಾಸ್ನಾನದ ದಿನ ಗುರುಗಳು ತಂದೆತಾಯಿಯನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಈ ಹೊಣೆ ತಿಳಿದಿದೆಯೇ ಎಂದು ಕೇಳುತ್ತಾರೆ. ತಿಳಿದಿದೆ ಎಂದು ಎಲ್ಲರೆದುರು ಒಪ್ಪಿಕೊಂಡು ಬಂದಿದ್ದೇವೆ. ಆ ಒಪ್ಪಿಗೆ ಊಟದ ಹೊತ್ತಿಗೇ ಮರೆತುಹೋದರೆ ಹೇಗೆ?

ಶಾಲೆ ಬಿಡಿಸಿ ಅನ್ನುತ್ತಿಲ್ಲ

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. 'ಹೋಮ್‌ಸ್ಕೂಲಿಂಗ್' ಎಂಬ ಪದ ಈಗ ನಮ್ಮ ಯುವಕರ ಕಿವಿಗೂ ಬಿದ್ದಿದೆ. ಅಮೆರಿಕದ ಕ್ರೈಸ್ತ ಕುಟುಂಬಗಳ ವಿಡಿಯೋ ನೋಡುತ್ತೇವೆ. ದೊಡ್ಡ ಮೇಜು, ಬಣ್ಣಬಣ್ಣದ ಪುಸ್ತಕ, ಐದು ಮಕ್ಕಳಿಗೆ ತಾಯಿಯೇ ಮಾಸ್ತರಣಿ. ಪುಣೆ, ಬೆಂಗಳೂರುಗಳಲ್ಲೂ ಹೀಗೆ ಮಕ್ಕಳನ್ನು ಮನೆಯಲ್ಲೇ ಓದಿಸಿ, ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ಪರೀಕ್ಷೆಗೆ ಕೂರಿಸುವವರಿದ್ದಾರೆ. ಅವರ ದಾರಿಯನ್ನು ನಾವು ಟೀಕಿಸುವುದಿಲ್ಲ. ಆದರೆ ಕಾಂಡಿ ಸುತ್ತಲು ಹೋಗುವ ಅವ್ವ, ಹನ್ನೆರಡು ತಾಸು ಮಗ್ಗದ ಮುಂದೆ ನಿಲ್ಲುವ ಅಪ್ಪ ಇರುವ ಮನೆಗೆ ಅದು ಆಗುವ ಮಾತಲ್ಲ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕು ಕೊಟ್ಟ ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮಂಥವರಿಗೆ ಅದು ದೊಡ್ಡ ಆಸರೆ. ಮಗು ಶಾಲೆಗೆ ಹೋಗಲಿ, ಚೆನ್ನಾಗಿ ಓದಲಿ.

ನಮ್ಮ ತಕರಾರು ಬೇರೆ. ಆ ವಿಡಿಯೋ ನೋಡಿ ನಮ್ಮ ಜನ "ಇದು ಉಳ್ಳವರ ಆಟ, ನಮಗಲ್ಲ" ಅಂದು ಕೈ ತೊಳೆದುಕೊಳ್ಳುತ್ತಾರಲ್ಲ, ಅದರ ಬಗ್ಗೆ. ಗಣಿತ, ವಿಜ್ಞಾನ ಶಾಲೆಗೆ ಬಿಡಬಹುದು. ಪ್ರಾರ್ಥಿಸುವುದು, ಕ್ಷಮಿಸುವುದು, ಹಸಿದವನಿಗೆ ರೊಟ್ಟಿ ಮುರಿದು ಕೊಡುವುದು, ಸುಳ್ಳು ಹೇಳಿದ ಮೇಲೆ ತಪ್ಪೊಪ್ಪಿಕೊಳ್ಳುವುದು, ಇವನ್ನು ಯಾವ ಶಾಲೆಗೂ ಬಿಡಲು ಬರುವುದಿಲ್ಲ. ಈ ಅರ್ಥದಲ್ಲಿ ಪ್ರತಿ ಕ್ರೈಸ್ತ ಮನೆಯೂ ಶಾಲೆಯೇ. ಅದಕ್ಕೆ ದೊಡ್ಡ ಮೇಜು ಬೇಕಿಲ್ಲ.

ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ತೆಗೆದು ನೋಡಿ. ದೇವರ ಮಾತನ್ನು ಮಕ್ಕಳಿಗೆ ಎಲ್ಲಿ ಕಲಿಸಬೇಕು ಎಂದು ಮೋಶೆ ಹೇಳುತ್ತಾನೆ? ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ. ಬೇರೆ ಕೋಣೆ ಕೇಳಲಿಲ್ಲ, ಗಂಟೆ ಬಾರಿಸಲಿಲ್ಲ. ಆಗ ಇಸ್ರಯೇಲ್ ಜನರಿಗೆ ಸ್ವಂತ ಮನೆ ಕೂಡ ಇರಲಿಲ್ಲ, ಡೇರೆ ಕಿತ್ತು ಡೇರೆ ಹೂಡುವ ಬದುಕು.

ಹೊತ್ತಿಲ್ಲ ಎಂಬ ನೆಪ

"ಹೊತ್ತೆಲ್ಲಿ ಐತ್ರಿ?" ಇದು ಎರಡನೇ ಉತ್ತರ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಅಂದಿನಿಂದ ಈ ಊರು ಪಾಳಿಯ ಮೇಲೆಯೇ ಉಸಿರಾಡುತ್ತಿದೆ. ಅಪ್ಪನದು ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ನೇಯ್ದಷ್ಟು ಬಟ್ಟೆಗೆ ಕೂಲಿ, ಒಂದು ದಿನ ಬಿಟ್ಟರೆ ಆ ದಿನದ್ದು ಹೋಯಿತು. ರಾತ್ರಿ ದುಡಿದು ಬಂದವರಿಗೆ ಸಂಜೆ ಏಳಕ್ಕೆ ಮೊಣಕಾಲೂರಿ ಐದು ದಶಕ ಜಪಸರ ಹೇಳಿ ಅಂದರೆ, ಏಳಕ್ಕೆ ಅವರು ಡಬ್ಬಿ ಕಟ್ಟಿಸಿಕೊಂಡು ಹೊರಟಿರುತ್ತಾರೆ.

ಹಾಗಾದರೆ ಏಳೇ ಯಾಕೆ ಬೇಕು? ಬೆಳಿಗ್ಗೆ ಅಪ್ಪ ಮನೆಗೆ ಬರುವ ಹೊತ್ತು, ಮಕ್ಕಳು ಶಾಲೆಗೆ ಹೊರಡುವ ಹೊತ್ತು, ಎರಡೂ ಹೊಸ್ತಿಲಲ್ಲಿ ಕೂಡುತ್ತವೆ. ಅಲ್ಲಿ ಎರಡು ನಿಮಿಷ ನಿಂತು, ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಳಿಸಿದರೆ ಅದು ಪ್ರಾರ್ಥನೆಯಲ್ಲವೇ? ನಮ್ಮಲ್ಲಿ ಒಬ್ಬನ ತಂದೆ ಹೀಗೆಯೇ ಮಾಡುತ್ತಿದ್ದರು. ಹತ್ತಿಯ ಧೂಳು ಮೆತ್ತಿದ ಆ ಹೆಬ್ಬೆರಳು ಹಣೆಗೆ ತಾಗಿದ ನೆನಪು ಅವನಿಗೆ ಇಂದೂ ಇದೆ. ಆ ತಂದೆಗೆ ಓದು ಬರುತ್ತಿರಲಿಲ್ಲ. ಆದರೂ ಅವರು ಕಲಿಸಿದರು.

ನಮಗೆ ಹೊತ್ತು ಸಿಕ್ಕಿದ್ದ ಕಾಲವೂ ಒಂದಿತ್ತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ದೇವಾಲಯದ ಬಾಗಿಲು ಮಹಾರಾಷ್ಟ್ರದಲ್ಲಿ ಮತ್ತೆ ತೆರೆದದ್ದು ನವೆಂಬರ್ 16ಕ್ಕೆ. ಮಗ್ಗ ನಿಂತಿತ್ತು, ಶಾಲೆ ನಿಂತಿತ್ತು, ಬಲಿಪೂಜೆ ಮೊಬೈಲಿನ ಪರದೆಗೆ ಬಂದಿತ್ತು. ಆ ಎಂಟು ತಿಂಗಳು ನಮ್ಮ ಮನೆಗಳಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಅಪ್ಪ ಮೊದಲ ಸಲ ಶುಭಸಂದೇಶ ಓದಿದರು. ಆಯಿ ಕತೆ ಹೇಳಿದರು. ಮಕ್ಕಳು ಪ್ರಶ್ನೆ ಕೇಳಿದರು. ಕೂಲಿಯಿಲ್ಲದ ಭಯದ ನಡುವೆಯೂ ಮನೆ ಸಭೆಯಾಗಿತ್ತು. ಬಾಗಿಲು ತೆರೆದ ಮರುದಿನವೇ ಅಷ್ಟನ್ನೂ ಮೂಟೆ ಕಟ್ಟಿ ಮತ್ತೆ ಧರ್ಮಕೇಂದ್ರಕ್ಕೆ ಒಪ್ಪಿಸಿ ಬಂದೆವು! ಕಷ್ಟದಲ್ಲಿ ಬಂದದ್ದನ್ನು ಸುಖದಲ್ಲಿ ಕಳೆದುಕೊಂಡೆವು. ಇದಕ್ಕೆ ಪಾಳಿ ಕಾರಣವಲ್ಲ.

ಅದರ ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ ಪಂಚಗಂಗಾ ಊರೊಳಗೆ ನುಗ್ಗಿದಾಗಲೂ ಹಾಗೆಯೇ. ಹೊಳೆದಂಡೆಯ ನಮ್ಮ ಬಂಧುಗಳು ಶಾಲೆಯ ಕೋಣೆಗಳಲ್ಲಿ ಗಂಟುಮೂಟೆ ಇಟ್ಟುಕೊಂಡು ಮಲಗಿದ್ದರು. ಪೀಠವಿಲ್ಲ, ಮೇಣದ ಬತ್ತಿಯಿಲ್ಲ, ಪುಸ್ತಕ ನೀರುಪಾಲು. ಬಾಯಿಪಾಠ ಇದ್ದವರು ಹೇಳಿದರು, ಉಳಿದವರು ದನಿಗೂಡಿಸಿದರು. ಬಾಯಿಪಾಠ ಇದ್ದವರೆಲ್ಲ ಅರವತ್ತು ದಾಟಿದವರು ಎಂಬುದನ್ನು ನಾವು ಆಗಲೇ ಗಮನಿಸಬೇಕಿತ್ತು.

ಒಂದೇ ಅಚ್ಚು ಹಿಡಿದು ಕೂತವರಿಗೆ

ಬಿಟ್ಟವರನ್ನು ಇಷ್ಟು ಅಂದೆವು. ಬಿಡದೆ ಹಿಡಿದವರಲ್ಲೂ ಒಂದು ತಪ್ಪಿದೆ.

ಕೆಲವು ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ತಪ್ಪುವುದಿಲ್ಲ. ಆದರೆ ಮೂರು ವರ್ಷದ ಕೂಸಿಗೂ ಹದಿನೇಳು ವರ್ಷದ ಹುಡುಗನಿಗೂ ಒಂದೇ ಪಾಠ, ಒಂದೇ ಗದರಿಕೆ. ಹುಡುಗ ಒಂದು ಪ್ರಶ್ನೆ ಕೇಳಿದರೆ "ದೇವರ ವಿಷಯದಾಗ ವಾದ ಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಾರೆ. ಆಮೇಲೆ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆ ಬರುತ್ತದೆ. ಗಾದೆ ನಿಜ. ಆದರೆ ಗಿಡ ನೆಟ್ಟವರನ್ನು ಕೇಳಿ. ಎಳೆಯ ಗಿಡಕ್ಕೆ ಕೋಲು ಊರಿ ಹಗ್ಗ ಕಟ್ಟುತ್ತಾರೆ. ಕಾಂಡ ದಪ್ಪವಾದ ಹಾಗೆ ಹಗ್ಗ ಸಡಿಲಿಸುತ್ತಾರೆ. ಸಡಿಲಿಸದಿದ್ದರೆ ಅದೇ ಹಗ್ಗ ತೊಗಟೆ ಕೊಯ್ದು ಒಳಗೆ ಇಳಿಯುತ್ತದೆ. ನಮ್ಮ ಗೆಳೆಯರಲ್ಲಿ ಹೀಗೆ ಗಾಯವಾದವರಿದ್ದಾರೆ. ಅವರು ದೇವರ ಮೇಲೆ ಸಿಟ್ಟಾಗಿ ದೂರ ಹೋಗಲಿಲ್ಲ, ಸಂಜೆ ಏಳರ ಗದರಿಕೆಗೆ ಅಂಜಿ ಹೋದರು.

ಧರ್ಮಸಭೆಯೇ ಋತು ಬದಲಿಸುತ್ತದೆ. ಆಗಮನ ಕಾಲಕ್ಕೆ, ತಪಸ್ಸುಕಾಲಕ್ಕೆ ನೇರಳೆ ಬಣ್ಣ. ಕ್ರಿಸ್ತಜಯಂತಿಗೆ, ಪಾಸ್ಖಕಾಲದ 50 ದಿನಕ್ಕೆ ಬಿಳಿ. ಸಾಧಾರಣ ಕಾಲಕ್ಕೆ ಹಸಿರು. ನಾಲ್ವತ್ತು ದಿನ ಅಲ್ಲೆಲೂಯ ನಿಲ್ಲಿಸಿ, ಪಾಸ್ಖ ರಾತ್ರಿಯಲ್ಲಿ ಮತ್ತೆ ಎತ್ತುತ್ತದೆ. ಬಣ್ಣ ಬದಲಾಯಿತೆಂದು ಬಲಿಪೂಜೆ ಬದಲಾಗುವುದಿಲ್ಲ. ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸು ಒಂದೇ ಇರುತ್ತದೆ, ಹೊಕ್ಕಿನ ಕಾಂಡಿ ಮುಗಿದಂತೆಲ್ಲ ಬದಲಾಗುತ್ತದೆ. ಖಾಲಿ ಕಾಂಡಿ ಇಟ್ಟುಕೊಂಡು ಮಗ್ಗ ಓಡಿಸಿದರೆ ಸದ್ದು ಬರುತ್ತದೆ, ಬಟ್ಟೆ ಬರುವುದಿಲ್ಲ.

ಮನೆಗೂ ಋತುಗಳಿವೆ. ಕೂಸು ತೊಡೆಯ ಮೇಲಿರುವಾಗ ಪಾಠವೆಂದರೆ ಕೈ ಹಿಡಿದು ಹಾಕಿಸುವ ಶಿಲುಬೆಯ ಗುರುತು, ಮಾತೆ ಮರಿಯಮ್ಮನ ಪಟಕ್ಕೆ ಕೊಡಿಸುವ ಮುತ್ತು. ಶಾಲೆಗೆ ಹೋಗುವಾಗ ಕತೆ ಬೇಕು, ಬಾಯಿಪಾಠ ಬೇಕು. ಶನಿವಾರ ರಾತ್ರಿ ಮರುದಿನದ ಶುಭಸಂದೇಶವನ್ನು ಊಟದ ಮುಂದೆ ಒಮ್ಮೆ ಓದಿದರೆ, ಭಾನುವಾರ ಮಗು ಪ್ರಬೋಧನೆಯ ಹೊತ್ತಿಗೆ ಆಕಳಿಸುವುದಿಲ್ಲ. ಹರೆಯ ಬಂದಾಗ ಕಲಿಸುವ ಜಾಗ ಬೈಕಿನ ಹಿಂದಿನ ಸೀಟು, ಮಾತಿಗಿಂತ ಕೇಳುವ ಕಿವಿ ಮುಖ್ಯ. ಯೇಸುಸ್ವಾಮಿ ಹನ್ನೆರಡರ ವಯಸ್ಸಿನಲ್ಲಿ ಜೆರುಸಲೇಮಿನಲ್ಲಿ ಉಳಿದುಬಿಟ್ಟಾಗ ಮರಿಯಮ್ಮ ಮತ್ತು ಜೋಸೆಫರು ಮೂರು ದಿನ ಹುಡುಕಿದರು. ಸಿಕ್ಕ ಮೇಲೆ ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಆದರೂ ಆ ತಾಯಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಅರ್ಥವಾಗದ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೂ ಹೆತ್ತವರ ಪಾಠವೇ. ಆಮೇಲೆ ಮಕ್ಕಳು ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ. ಆಗ ಭಾನುವಾರ ಸಂಜೆಯ ಒಂದು ಫೋನ್ ಕರೆಯೇ ಮನೆಪಾಠ. "ಪೂಜಿಗೆ ಹೋಗಿದ್ದೇನು?" ಎಂಬ ವಿಚಾರಣೆ ಬೇಡ. "ಇವತ್ತ ನಿನಗೋಸ್ಕರ ಬೇಡಿಕೊಂಡೆ" ಅಂದರೆ ಸಾಕು.

ಮತ್ತೊಂದು ಮಾತು ಅಪ್ಪಂದಿರಿಗೆ. ಇದೆಲ್ಲ ಅವ್ವನ ಕೆಲಸ ಎಂದು ಎಷ್ಟು ದಿನ ಬಿಡುತ್ತೀರಿ? ಅವಳಿಗೂ ಎರಡೇ ಕೈ.

ನಮ್ಮ ಮಾತಿನಲ್ಲಿ

ಗಡಿಯ ಮನೆಗೆ ಇನ್ನೊಂದು ತೊಡಕಿದೆ. ಒಲೆಯ ಮುಂದೆ ಕನ್ನಡ, ಓಣಿಯಲ್ಲಿ ಮರಾಠಿ, ಮಗ್ಗದಲ್ಲಿ ಹಿಂದಿ, ಪರೀಕ್ಷೆಯಲ್ಲಿ ಇಂಗ್ಲಿಷ್. ಮರಾಠಿಯ ಮೇಲೆ ನಮಗೆ ದ್ವೇಷವಿಲ್ಲ. ಈ ನೆಲ ನಮಗೆ ಅನ್ನ ಕೊಟ್ಟಿದೆ, ಮರಾಠಿ ಬಲಿಪೂಜೆಯಲ್ಲೇ ನಾವು ಪರಮಪ್ರಸಾದ ಸ್ವೀಕರಿಸಿದ್ದೇವೆ. ಆದರೆ ಆಯಿಯ ಜೊತೆ ಅತ್ತ, ನಕ್ಕ ಮಾತಿನಲ್ಲಿ ದೇವರ ಜೊತೆ ಮಾತಾಡಲು ಬಾರದಿದ್ದರೆ ಆ ವಿಶ್ವಾಸ ಸಮವಸ್ತ್ರದ ಹಾಗೆ. ಹೊರಗೆ ಹೋಗುವಾಗ ಹಾಕಿಕೊಳ್ಳುತ್ತೇವೆ, ಮನೆಗೆ ಬಂದಾಗ ಕಳಚಿ ಇಡುತ್ತೇವೆ.

ತಿಮೊಥೇಯನ ಮನೆಯೂ ನಮ್ಮ ಮನೆಯಂಥದ್ದೇ. ತಂದೆ ಗ್ರೀಕ, ತಾಯಿ ಯೆಹೂದ್ಯಳು. ಹೊರಗೊಂದು ಲೋಕ, ಒಳಗೊಂದು ಲೋಕ. ಅವನ ವಿಶ್ವಾಸ ಎಲ್ಲಿಂದ ಬಂತು ಎಂದು ಸಂತ ಪೌಲ ನೆನೆಯುವಾಗ ಯಾವ ಶಾಲೆಯ ಹೆಸರನ್ನೂ ಹೇಳಲಿಲ್ಲ. ಅಜ್ಜಿ ಲೋವಿ, ತಾಯಿ ಯೂನೀಕೆ, ಈ ಎರಡು ಹೆಸರು ಹೇಳಿದ. ನಮ್ಮ ಮನೆಗಳಲ್ಲೂ ಲೋವಿಯರಿದ್ದಾರೆ. ಅವರು ಮೂಲೆಯಲ್ಲಿ ಒಬ್ಬರೇ ಜಪಸರ ಎಣಿಸುತ್ತಿದ್ದಾರೆ, ನಾವು ಪಕ್ಕದಲ್ಲೇ ಕೂತು ರೀಲ್ಸ್ ನೋಡುತ್ತಿದ್ದೇವೆ.

ಇಲ್ಲೇ ಹತ್ತಿರದ ಕೊಲ್ಹಾಪುರದ ಒಂದು ಕುಟುಂಬದ ಕತೆಯನ್ನೂ ಹೇಳಬೇಕು. ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಆದರೂ ಕಲಿಯುವುದಿದೆ. ಅಮೆರಿಕದ ಪ್ರೆಸ್ಬಿಟೇರಿಯನ್ ಪಂಥದ ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಹಾಪುರಕ್ಕೆ ಬಂದರು. ಮಗ ರಾಬರ್ಟ್ 1863ರಲ್ಲಿ ಕೊಲ್ಹಾಪುರದಲ್ಲೇ ಹುಟ್ಟಿದ. 1870ರ ದಶಕದಲ್ಲಿ ಕುಟುಂಬ ಅಮೆರಿಕಕ್ಕೆ ಮರಳಿ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿತು. ಊರು ಬದಲಾಯಿತು, ಕೆಲಸ ಬದಲಾಯಿತು, ಮನೆಯ ಪ್ರಾರ್ಥನೆ ನಿಲ್ಲಲಿಲ್ಲ. ರಾಬರ್ಟ್ ಕಾಲೇಜಿನ ಗೆಳೆಯರನ್ನು ಮನೆಗೇ ಕರೆತಂದ. ಅವರು ಒಂದು ಕೋಣೆಯಲ್ಲಿ ಕೂಡಿದಾಗ ಅಕ್ಕ ಗ್ರೇಸ್ ಪಕ್ಕದ ಕೋಣೆಯಲ್ಲಿ ಅವರಿಗಾಗಿ ಬೇಡುತ್ತಿದ್ದಳು. 1886ರ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಎಂಬಲ್ಲಿ ನಡೆದ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ನೂರು ಮಂದಿ ದೂರದ ನಾಡುಗಳಲ್ಲಿ ಸೇವೆಗೆ ಹೆಸರು ಕೊಟ್ಟರು. ಅದರಿಂದ 1888ರಲ್ಲಿ ವಿದ್ಯಾರ್ಥಿ ಸ್ವಯಂಸೇವಕರ ಚಳವಳಿ ಎದ್ದು ನಿಂತಿತು. ಒಂದು ಮನೆಯ ಎರಡು ಕೋಣೆಗಳಿಂದ ಹೊರಟದ್ದು ಅದು. ಅಪ್ಪ ಕಲಿಸಿದ್ದನ್ನು ಮಕ್ಕಳು ಹಾಗೇ ಒಪ್ಪಿಸಲಿಲ್ಲ, ತಮ್ಮ ವಯಸ್ಸಿಗೆ ತಕ್ಕ ರೂಪ ಕೊಟ್ಟರು. ನಾವು ಬೇಡುವುದೂ ಇಷ್ಟೇ.

ನಮ್ಮ ಮೇಲಿನ ಸಾಲ

ಹೆತ್ತವರನ್ನು ಬೈದು ಕೈ ಮುಗಿಸುವುದು ಸುಲಭ. "ನಮಗೆ ಯಾರೂ ಕಲಿಸಲಿಲ್ಲ" ಎಂಬ ಮಾತು ಹತ್ತು ವರ್ಷದವನ ಬಾಯಲ್ಲಿ ಸರಿ. ಇಪ್ಪತ್ತು ದಾಟಿದ ನಮ್ಮ ಬಾಯಲ್ಲಿ ಅದು ನೆಪ. ಒಂದು ಆ್ಯಪ್ ಕಲಿಯಲು ನಮಗೆ ಅರ್ಧ ತಾಸು ಸಾಕು. ಕನ್ನಡ ಅಕ್ಷರ ಕಲಿಯಲು ಒಂದು ತಪಸ್ಸುಕಾಲ ಸಾಲದೇ?

ಆಯಿ ಹೋದ ಮೇಲೆ ನಾವು ಕೆಲವರು ಕೂಡಿ ಕೆಲಸ ಶುರು ಮಾಡಿದೆವು. ದೊಡ್ಡದೇನಲ್ಲ. ಮೊದಲು, ಜಪಸರದ ಪ್ರಾರ್ಥನೆಗಳನ್ನು ಕನ್ನಡದಲ್ಲೇ, ಆದರೆ ದೇವನಾಗರಿ ಅಕ್ಷರದಲ್ಲಿ ಬರೆದು ಮನೆಮನೆಗೆ ಕೊಟ್ಟೆವು. ಓದಲು ಬಾರದವರ ಬಾಯಿಗಾದರೂ ಮಾತು ಬರಲಿ ಎಂದು. ಕೆಲವು ಹಿರಿಯರು ನಕ್ಕರು, "ಇದೆಂಥಾ ಕನ್ನಡ?" ಅಂದರು. ಇದು ಕುಂಟನ ಕೋಲು, ಗೊತ್ತು. ನಡೆಯಲು ಬಂದ ಮೇಲೆ ಬಿಸಾಡುತ್ತೇವೆ. ಎರಡನೆಯದು, ವಾರಕ್ಕೊಂದು ಮನೆ, ಆ ಮನೆಯ ಪಾಳಿ ನೋಡಿ ಹೊತ್ತು. ಒಮ್ಮೆ ಬೆಳಿಗ್ಗೆ ಒಂಬತ್ತಕ್ಕೆ, ಒಮ್ಮೆ ಮಧ್ಯಾಹ್ನ ಮೂರಕ್ಕೆ. ಅಲ್ಲಿ ಹಿರಿಯರೇ ಗುರುಗಳು, ನಾವು ವಿದ್ಯಾರ್ಥಿಗಳು. ಮೂರನೆಯದು, ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಚಿಕ್ಕ ಮಗುವಿಗೆ ಒಂದು ಪ್ರಾರ್ಥನೆಯನ್ನು ಕನ್ನಡದಲ್ಲಿ ಕಲಿಸಿಯೇ ತೀರಬೇಕು.

ಎಲ್ಲ ವಾರವೂ ನಡೆದಿಲ್ಲ. ಮಳೆಗಾಲದಲ್ಲಿ ಎರಡು ವಾರ ಯಾರೂ ಬರಲಿಲ್ಲ. ಪರೀಕ್ಷೆಯ ತಿಂಗಳಲ್ಲಿ ಬಿಟ್ಟೇಬಿಟ್ಟೆವು. ಆದರೆ ನಿಂತದ್ದನ್ನು ಮತ್ತೆ ಶುರು ಮಾಡುವುದನ್ನೂ ಕಲಿತೆವು. ಎಳೆ ಹರಿದಾಗ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಓಡಿಸುವುದನ್ನು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ನಿಮ್ಮ ಮನೆಯ ಋತು ಯಾವುದೋ ನಮಗೆ ಗೊತ್ತಿಲ್ಲ. ತೊಟ್ಟಿಲು ತೂಗುತ್ತಿದೆಯೋ, ಹತ್ತನೆಯ ಪರೀಕ್ಷೆಯ ಭಯವೋ, ಮಕ್ಕಳೆಲ್ಲ ಹೊರಟುಹೋಗಿ ಇಬ್ಬರೇ ಉಳಿದಿದ್ದೀರೋ, ಹಾಸಿಗೆ ಹಿಡಿದವರ ಆರೈಕೆಯೋ. ಆ ಋತುವನ್ನು ಶಪಿಸಬೇಡಿ. ಕಳೆದುಹೋದ ಋತುವಿಗಾಗಿ ಅಳುತ್ತಲೂ ಕೂರಬೇಡಿ. ಈಗ ಇರುವ ಹೊತ್ತಿನಲ್ಲಿ, ಈಗ ಇರುವ ಜನರ ಜೊತೆ, ಆಗುವಷ್ಟು ಪಾಠ ಇಂದೇ ಶುರು ಮಾಡಿ.

ಮೊನ್ನೆ ಆ ಆಯಿಯ ಮರಿಮಗಳು, ನಾಲ್ಕು ವರ್ಷದವಳು, ಅವರ ಪಟದ ಮುಂದೆ ನಿಂತು ನಮೋ ಮರಿಯ ಜಪವನ್ನು ಕನ್ನಡದಲ್ಲಿ ಪೂರ್ತಿ ಹೇಳಿದಳು. ನಡುವೆ ಎರಡು ಕಡೆ ತಪ್ಪಿತು. ಪಕ್ಕದಲ್ಲಿದ್ದ ನಾವು ತಿದ್ದಿದೆವು. ಈ ಸಲ ನಮಗೆ ಬರುತ್ತಿತ್ತು.

ದೇವರು ನಮ್ಮೆಲ್ಲರ ಕುಟುಂಬಗಳನ್ನು ಹರಸಲಿ.

– ಶಹಾಪುರದ ಕನ್ನಡ ಯುವಜನರು